ಹಳೇ ಗ್ಯಾಸ್ಕೆಟ್ ಎಲ್ಲಿ?

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬ ಫೋನ್ ಮಾಡಿದ. ಅವನ ತಾತನ ಕಾಲದ ಅಂಬಾಸಡರ್ ಮತ್ತೆ ನೀರು ಕುದಿಸುತ್ತಿದೆಯಂತೆ. ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ) ಹೋಗಿದೆ ಅಂತ ವರ್ಕ್‌ಶಾಪಿನವರು ಬದಲಾಯಿಸಿ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೂ ಮುಂಚೆ ಒಮ್ಮೆ ಹೀಗೇ ಆಗಿತ್ತು. ನಾನು ಕೇಳಿದೆ: "ಹಳೇ ಗ್ಯಾಸ್ಕೆಟ್ ಎಲ್ಲಿ?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದಾ? ಅದನ್ನ ಅಲ್ಲೇ ಗುಜರಿಗೆ ಹಾಕಿದ್ರು. ಹರಿದಿತ್ತಲ್ಲ, ಏನ್ ಮಾಡೋದು ಅದನ್ನ?" ಹೆಡ್ಡಿನ ತಳ, ಬ್ಲಾಕಿನ ಮೇಲ್ಮೈ ಎರಡನ್ನೂ ವೈರ್ ಬ್ರಷ್ ಹಾಕಿ ಉಜ್ಜಿ ಫಳಫಳ ಮಾಡಿದ್ದರಂತೆ. ಹೊಸ ಗ್ಯಾಸ್ಕೆಟ್ ಕೂರಿಸಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ವ್ರೆಂಚ್ ಹಿಡಿದು ಅಚ್ಚುಕಟ್ಟಾಗಿ ಬಿಗಿ ಮಾಡಿದ್ದಾರೆ. ಬಿಲ್ಲಿನಲ್ಲಿ ಎಲ್ಲ ಬರೆದಿದ್ದಾರೆ. ಆದರೆ ಹಳೇ ಗ್ಯಾಸ್ಕೆಟ್ ಯಾವ ಸಿಲಿಂಡರ್ ಹತ್ತಿರ ಸುಟ್ಟಿತ್ತು? ಎರಡು ಸಿಲಿಂಡರಿನ ನಡುವೆಯೋ, ನೀರಿನ ತೂತಿನ ಕಡೆಗೋ? ಅದು ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಇಂಜಿನ್ ಕೆಲಸ ಅಂದರೆ ನಾವೆಲ್ಲ ಜೋಡಿಸುವುದರ ಬಗ್ಗೆಯೇ ಮಾತಾಡುತ್ತೇವೆ. ಎಷ್ಟು ಟಾರ್ಕ್, ಯಾವ ಕ್ರಮ, ಯಾವ ಕಂಪನಿ ಗ್ಯಾಸ್ಕೆಟ್, ಗ್ರೀಸ್ ಹಚ್ಚಬೇಕೋ ಬೇಡವೋ. ಬಿಚ್ಚುವುದನ್ನು ಮಾತ್ರ ಹುಡುಗರ ಕೈಗೆ ಬಿಡುತ್ತೇವೆ. "ಏಯ್, ಊಟದೊಳಗೆ ಹೆಡ್ ಇಳಿಸಿಬಿಡು" ಅಂತ ಒಂದು ಮಾತು ಹೇಳಿ ದೊಡ್ಡ ಮೆಕ್ಯಾನಿಕ್ ಬೇರೆ ಗಾಡಿಗೆ ಹೋಗುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ತಲೆಕೆಳಗು. ಜೋಡಿಸುವಾಗ ಇಂಜಿನ್ ನಮಗೆ ಹೊಸದೇನನ್ನೂ ಹೇಳುವುದಿಲ್ಲ. ಹೇಳುವುದೆಲ್ಲ ಬಿಚ್ಚುವಾಗ. ಅದೂ ಒಂದೇ ಸಲ. ವೈರ್ ಬ್ರಷ್ ಆಡಿತು ಅಂದರೆ ಅಷ್ಟು ವರ್ಷ ಓಡಿದ ಇಂಜಿನ್ನಿನ ಕಥೆ ಧೂಳಾಗಿ ನೆಲಕ್ಕೆ ಬಿತ್ತು.

## ನಲ್ಲಿ ತಿರುಗಿಸಿದರೆ ನೀರೇ ಇಲ್ಲ

ನಮ್ಮ ಮನೆಯಲ್ಲೂ ಒಂದು ಅಂಬಾಸಡರ್ ಇದೆ. 1977ರ ಮಾರ್ಕ್ 3. ತಿಪಟೂರು ಕಡೆ ತೆಂಗಿನ ತೋಟದ ಮಣ್ಣುದಾರಿಯಲ್ಲೇ ಅದರ ಆಯಸ್ಸಿನ ಬಹುಭಾಗ ಕಳೆದಿದೆ. ಅಪ್ಪ ಅದನ್ನು ಕೊನೆಯವರೆಗೂ ತಾವೇ ಓಡಿಸಿದರು. ಅವರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಈ ವರ್ಷ ಅದಕ್ಕೂ ಹೆಡ್ ಕೆಲಸ ಬಂತು. ಏರಿನಲ್ಲಿ ಶಕ್ತಿಯೇ ಇಲ್ಲ. ಐಡಲಿಂಗ್‌ನಲ್ಲಿ ಮೈ ನಡುಗಿಸಿಕೊಂಡು ನಿಲ್ಲುತ್ತಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು.

ಹೆಡ್ಡಿಗೆ ಕೈ ಹಾಕುವ ಮುಂಚೆ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತುತ್ತದೆ ಅಂತ, ನೋಡಿದೆವು. ಒಂದು ಮತ್ತು ಎರಡನೇ ಸಿಲಿಂಡರ್ ಚೆನ್ನಾಗಿದ್ದವು. ಮೂರು ಮತ್ತು ನಾಲ್ಕು ಎರಡೂ ಅರ್ಧಕ್ಕಿಂತ ಕೆಳಗೆ, ಎರಡೂ ಹೆಚ್ಚೂಕಡಿಮೆ ಒಂದೇ ಅಳತೆ. ಒಂದು ಸಿಲಿಂಡರ್ ಮಾತ್ರ ಬಿದ್ದರೆ ವಾಲ್ವ್ ಇರಬಹುದು, ರಿಂಗ್ ಇರಬಹುದು. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದರೆ ಅವುಗಳ ನಡುವಿನ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟು ದಾರಿಯಾಗಿದೆ ಅಂತಲೇ ಮೊದಲು ಅನುಮಾನಿಸಬೇಕು. ಒಂದರಲ್ಲಿ ಒತ್ತಿದ ಗಾಳಿ ಇನ್ನೊಂದಕ್ಕೆ ನುಗ್ಗುತ್ತದೆ. ಇಷ್ಟು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು.

ಮುಖ್ಯವಾದ ಸುಳಿವು ಸಿಕ್ಕಿದ್ದು ಆಮೇಲೆ, ಯಾರೂ ಗಮನ ಕೊಡದ ಜಾಗದಲ್ಲಿ. ಹೆಡ್ ಇಳಿಸುವ ಮುಂಚೆ ನೀರು ಬಸಿಯಬೇಕಲ್ವಾ? ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿದರೆ ರೇಡಿಯೇಟರ್ ಖಾಲಿಯಾಗುತ್ತದೆ. ಆದರೆ ಬ್ಲಾಕಿನ ಒಳಗೆ ಸಿಲಿಂಡರ್ ಸುತ್ತ ನಿಂತ ನೀರು ಪೂರ್ತಿ ಬರುವುದಿಲ್ಲ. ಅದಕ್ಕೆ ಬ್ಲಾಕಿನ ಹಿಂಭಾಗದಲ್ಲಿ ಇನ್ನೊಂದು ಪುಟ್ಟ ನಲ್ಲಿ ಇದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ನಮ್ಮ ಕಾರಿನಲ್ಲಿ ಅದನ್ನು ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ನಲ್ಲಿಯನ್ನೇ ಬಿಚ್ಚಿ ತೆಗೆದರೂ ಬರಲಿಲ್ಲ. ತಂತಿ ತೂರಿಸಿ ಕೆದಕಿದ ಮೇಲೆ ದಪ್ಪ ಕಂದು ಕೆಸರು ನಿಧಾನಕ್ಕೆ ಜಾರಿ ಬಂತು, ಅದರ ಹಿಂದೆ ತುಕ್ಕಿನ ನೀರು.

ಅದನ್ನು ಒಂದು ಡಬ್ಬಿಯಲ್ಲಿ ಹಿಡಿದು ಪಕ್ಕಕ್ಕಿಟ್ಟೆವು. ಸುಮ್ನೆ ನೀರು ಬಸಿದು ಮುಂದಕ್ಕೆ ಹೋಗಿದ್ದರೆ ಈ ಡಬ್ಬಿ ಇರುತ್ತಿರಲಿಲ್ಲ. ಮುಂದೆ ಹೆಡ್ ಎತ್ತಿದ ಮೇಲೆ ಕಂಡದ್ದಕ್ಕೆಲ್ಲ ಅರ್ಥ ಸಿಕ್ಕಿದ್ದು ಈ ಕೆಸರಿನಿಂದ.

## ಎರಡು ಕೆಲಸದ ನಟ್ಟುಗಳು

ಅಂಬಾಸಡರಿನ ಈ 1489 ಸಿಸಿ ಇಂಜಿನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬಿಎಂಸಿ ಕಂಪನಿಯವರ ಬಿ ಸೀರೀಸ್. ಅಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರಿಗೆ ಹಾಕುತ್ತಿದ್ದರು, ಇಲ್ಲಿ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ದಶಕಗಟ್ಟಲೆ ತಯಾರಾಯಿತು. ಬ್ಲಾಕೂ ಬೀಡುಕಬ್ಬಿಣ, ಹೆಡ್ಡೂ ಬೀಡುಕಬ್ಬಿಣ. ಹೆಡ್ಡನ್ನು ಹಿಡಿದಿರುವುದು ಹನ್ನೊಂದು ಸ್ಟಡ್ (ಬ್ಲಾಕಿನಲ್ಲಿ ನೆಟ್ಟು ಮೇಲೆ ನಟ್ಟು ಹಾಕುವ ಕಂಬಿ). ಅದರಲ್ಲಿ ಏಳು ಹೆಡ್ಡಿಗೆ ಮಾತ್ರ. ಉಳಿದ ನಾಲ್ಕು ಉದ್ದನೆಯವು. ಅವು ಹೆಡ್ಡನ್ನು ದಾಟಿ ಮೇಲೆ ಬಂದು ರಾಕರ್ ಶಾಫ್ಟಿನ (ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್‌ಗಳನ್ನು ಹೊತ್ತ ದಂಡ) ಕಾಲುಗಳನ್ನೂ ಹಿಡಿದಿರುತ್ತವೆ. ಅಂದರೆ ರಾಕರ್ ಬಿಚ್ಚುತ್ತೇನೆ ಅಂತ ಆ ನಾಲ್ಕು ನಟ್ಟು ಸಡಿಲ ಮಾಡಿದವನು ತನಗೆ ಗೊತ್ತಿಲ್ಲದೆಯೇ ಹೆಡ್ಡಿನ ಒಂದು ಸಾಲಿನ ಬಿಗಿಯನ್ನೂ ಬಿಟ್ಟಿರುತ್ತಾನೆ. ಉಳಿದ ಏಳು ಹಾಗೇ ಬಿಗಿಯಾಗಿದ್ದರೆ ಹೆಡ್ ಒಂದು ಪಕ್ಕಕ್ಕೆ ಎಳೆಯುತ್ತದೆ, ಬಾಗಬಹುದು. ನೀರು ಬಸಿಯದೇ ಇದ್ದರೆ ಆ ಸಂದಿಯಿಂದ ನೀರು ಸಿಲಿಂಡರಿಗೂ ಕೆಳಗೆ ಎಣ್ಣೆ ನಿಲ್ಲುವ ಆಯಿಲ್ ಸಂಪಿಗೂ ಇಳಿಯುತ್ತದೆ. ಆ ಕಾಲದ ವರ್ಕ್‌ಶಾಪ್ ಮ್ಯಾನ್ಯುಯಲ್ಲುಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ರಾಕರ್ ಮಾತ್ರ ತೆಗೆಯುವುದಾದರೂ ನೀರು ಬಸಿಯಿರಿ, ಏಳೂ ಹೆಡ್ ನಟ್ಟು ಸಡಿಲ ಮಾಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ, ಸುತ್ತುಬಂದು, ಸಮನಾಗಿ.

ಇನ್ನೊಂದು ಮಾತು. ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯಿಡೀ ನಿಂತ ಇಂಜಿನ್ ಆದರೆ ಒಳ್ಳೆಯದು. ಬಿಸಿ ಹೆಡ್ಡಿನ ಬಿಗಿ ಬಿಟ್ಟರೆ ಅದು ತಣ್ಣಗಾಗುವಾಗ ತನಗೆ ಬೇಕಾದ ಆಕಾರಕ್ಕೆ ಹೋಗುತ್ತದೆ. ಬೆಳಗ್ಗೆ ಓಡಿಸಿಕೊಂಡು ಬಂದ ಗಾಡಿಯ ಹೆಡ್ಡನ್ನು ಮಧ್ಯಾಹ್ನದೊಳಗೆ ಇಳಿಸುವುದು ಶುದ್ಧ ಅವಸರ.

ರಾಕರ್ ಅಸೆಂಬ್ಲಿ ಎತ್ತಿದ ಮೇಲೆ ಪುಶ್‌ರಾಡ್‌ಗಳು, ಅಂದರೆ ಕೆಳಗಿನ ಟ್ಯಾಪೆಟ್‌ನ ಒತ್ತನ್ನು ಮೇಲಿನ ರಾಕರಿಗೆ ಮುಟ್ಟಿಸುವ ಉದ್ದ ಕಡ್ಡಿಗಳು. ಈ ಭಾಗ ಬಂದಾಗಲೆಲ್ಲ ನನಗೆ ಒಬ್ಬರ ನೆನಪು ಬರುತ್ತದೆ. ನಾನು ಚಿಕ್ಕವನಿದ್ದಾಗ ಅಪ್ಪ ಕಾರನ್ನು ಒಬ್ಬ ಮೇಸ್ತ್ರಿಯ ಹತ್ತಿರ ಬಿಡುತ್ತಿದ್ದರು. ಹುಣಸೆ ಮರದ ಕೆಳಗೆ ತಗಡಿನ ಶೆಡ್. ಮೇಸ್ತ್ರಿ ಖಾಕಿ ಶರಟು ಹಾಕಿ, ಎಡಗಿವಿಯ ಮೇಲೆ ಸೀಸದ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರು. ರಜೆಯಲ್ಲಿ ನನ್ನನ್ನೂ ಅಪ್ಪ ಅಲ್ಲೇ ಕೂರಿಸಿ ಪೇಟೆ ಕೆಲಸಕ್ಕೆ ಹೋಗುತ್ತಿದ್ದರು. ಒಮ್ಮೆ ಇದೇ ಕಾರಿನ ಹೆಡ್ ಇಳಿಸುವ ದಿನ ಮೇಸ್ತ್ರಿ ನನಗೊಂದು ಕೆಲಸ ಕೊಟ್ಟರು. ರಟ್ಟಿನ ಡಬ್ಬಿಯ ಮುಚ್ಚಳ ಕೊಟ್ಟು, ಅದರಲ್ಲಿ ಎಂಟು ತೂತು ಮಾಡಿಸಿ, ಒಂದರಿಂದ ಎಂಟರವರೆಗೆ ಬರೆಯಲು ಹೇಳಿದರು. "ಒಂದು ಅಂದ್ರೆ ರೇಡಿಯೇಟರ್ ಕಡೆ. ಮರೀಬೇಡ." ಮುಚ್ಚಳದ ಆ ತುದಿಗೆ ನಾನು ದೊಡ್ಡದಾಗಿ "ರೇಡಿಯೇಟರ್" ಅಂತ ಬರೆದೆ. ಅವರು ಅದನ್ನು ನೋಡಿ ತಲೆಯಾಡಿಸಿದರು.

ಆಮೇಲೆ ಅವರು ಪುಶ್‌ರಾಡ್ ತೆಗೆಯುವುದನ್ನು ನೋಡಿದೆ. ಒಂದೊಂದನ್ನೂ ಎತ್ತುವ ಮುಂಚೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರು. ತಿರುಗಿಸಿ, ಒಂದು ಕ್ಷಣ ನಿಂತು, ಆಮೇಲೆ ಮೇಲಕ್ಕೆ. ಯಾಕೆ ಅಂತ ಕೇಳಿದ್ದಕ್ಕೆ, "ಕೆಳಗೆ ಟ್ಯಾಪೆಟ್ ಎಣ್ಣೇಲಿ ಅಂಟಿಕೊಂಡಿರುತ್ತೆ. ಸೀದಾ ಎಳೆದ್ರೆ ಅದೂ ಜೊತೆಗೆ ಎದ್ದು ಜಾಗ ಬಿಡುತ್ತೆ. ಬಿಡಿಸಿಕೊಳ್ಳೋಕೆ ಅದಕ್ಕೊಂದು ಅವಕಾಶ ಕೊಡಬೇಕು" ಅಂದರು. ಪ್ರತಿ ಪುಶ್‌ರಾಡಿನ ತುದಿಯನ್ನೂ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿ ರಟ್ಟಿಗೆ ಚುಚ್ಚುತ್ತಿದ್ದರು. ಆರನೆಯದನ್ನು ಹೆಚ್ಚು ಹೊತ್ತು ನೋಡಿದರು. ನೆಲದ ಮೇಲೆ ಇಟ್ಟಿದ್ದ ಗಾಜಿನ ತುಂಡಿನ ಮೇಲೆ ಉರುಳಿಸಿದರು. ಅದು ಉರುಳುವಾಗ ಸ್ವಲ್ಪ ಎಗರುತ್ತಿತ್ತು. ಬಾಗಿದೆ ಅಂತ ಅರ್ಥ. ಸೀಸದ ಕಡ್ಡಿ ತೆಗೆದು ರಟ್ಟಿನಲ್ಲಿ ಆರರ ಸುತ್ತ ಒಂದು ವೃತ್ತ ಎಳೆದರು. ಅಪ್ಪ ಬಂದಾಗ ಮೇಸ್ತ್ರಿ ಹೇಳಿದ್ದು ಅದೊಂದನ್ನೇ: ಆರನೇ ವಾಲ್ವ್ ಗೈಡಿನಲ್ಲಿ ಹಿಡಿಯುತ್ತಿದೆ, ಅದಕ್ಕೇ ಅದರ ರಾಡ್ ಬಾಗಿದೆ, ಹೆಡ್ ಎತ್ತಿದ ಮೇಲೆ ನೋಡಿ. ಹೆಡ್ ಎತ್ತಿದ ಮೇಲೆ ಅದು ನಿಜವಾಗಿತ್ತು.

ರಾಡುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿದ್ದರೆ ಬಾಗಿದ್ದು ಒಂದು ಸಿಗುತ್ತಿತ್ತು, ಸರಿ. ಆದರೆ ಅದು ಯಾವ ವಾಲ್ವಿನದು ಅಂತ ಹೇಳುವವರು ಯಾರು? ಇನ್ನೂ ಒಂದು ಕಾರಣ ಇದೆ. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ ರಾಡು, ರಾಕರ್, ಟ್ಯಾಪೆಟ್ ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ. ಅದಲುಬದಲು ಮಾಡಿದರೆ ಹೊಸದಾಗಿ ಸವೆತ ಶುರು. ವಾಲ್ವ್ ಸಂದಿ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಅಂತ ಎಷ್ಟು ಸರಿಯಾಗಿ ಇಟ್ಟರೂ ಬೇಗ ಬದಲಾಗುತ್ತದೆ, ಟಕಟಕ ಸದ್ದು ನಿಲ್ಲುವುದಿಲ್ಲ.

## ಏಳದ ಹೆಡ್

ಈಗ ನಮ್ಮ ಕಾರಿನ ವಿಷಯಕ್ಕೆ ಬರುತ್ತೇನೆ. ಹನ್ನೊಂದೂ ನಟ್ಟು ಬಂದವು. ಹೋಸು, ಮ್ಯಾನಿಫೋಲ್ಡು, ಪ್ಲಗ್ಗು, ಟೆಂಪರೇಚರ್ ಗೇಜಿನ ತೆಳು ಕೊಳವೆ (ಇದನ್ನು ಮಡಿಸಿದರೆ ಗೇಜೇ ಹೋಯಿತು, ಬಲು ಜೋಪಾನ) ಎಲ್ಲ ಬಿಡಿಸಿದ್ದಾಯಿತು. ಹೆಡ್ ಮಾತ್ರ ಅಲುಗಲಿಲ್ಲ.

ಹಳೇ ಇಂಜಿನ್ ಬಿಚ್ಚಿದವರಿಗೆ ಈ ಕ್ಷಣ ಚೆನ್ನಾಗಿ ಗೊತ್ತು. ಏನೂ ಹಿಡಿದಿಲ್ಲ, ಆದರೂ ಬರುತ್ತಿಲ್ಲ. ಗ್ಯಾಸ್ಕೆಟ್ ಎರಡೂ ಕಡೆಗೆ ಕಚ್ಚಿಕೊಂಡಿರುತ್ತದೆ. ಸ್ಟಡ್ಡಿಗೂ ಹೆಡ್ಡಿನ ತೂತಿಗೂ ನಡುವೆ ತುಕ್ಕು ತುಂಬಿರುತ್ತದೆ. ಎಷ್ಟೋ ಒಳ್ಳೊಳ್ಳೆ ಹೆಡ್ಡುಗಳು ಹಾಳಾಗಿರುವುದು ಇಂಥ ಹೊತ್ತಿನಲ್ಲೇ. ಯಾರೋ ಒಬ್ಬರು ಸ್ಕ್ರೂಡ್ರೈವರ್ ತರುತ್ತಾರೆ, ಹೆಡ್ಡಿಗೂ ಬ್ಲಾಕಿಗೂ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಹೆಡ್ ಏಳುತ್ತದೆ ನಿಜ. ಜೊತೆಗೆ ಗ್ಯಾಸ್ಕೆಟ್ ಕೂರುವ ಜಾಗದಲ್ಲಿ ಒಂದು ಗೀರು ಶಾಶ್ವತವಾಗಿ ಉಳಿಯುತ್ತದೆ. ನೀರಿಗೆ, ಬೆಂಕಿಗೆ ಆ ಗೀರೇ ಮುಂದಿನ ದಾರಿ. ಬೆಂಗಳೂರಿನ ಜೆಸಿ ರಸ್ತೆಯ ಹಳೇ ಸ್ಪೇರ್ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಹೆಡ್ ಹುಡುಕುವಾಗ ನಾನು ಮೊದಲು ಬೆರಳು ಆಡಿಸಿ ನೋಡುವುದು ಅಂಚನ್ನು. ಸ್ಕ್ರೂಡ್ರೈವರ್ ಗುರುತು ಕಂಡರೆ ಅಲ್ಲೇ ಇಟ್ಟು ಬರುತ್ತೇನೆ.

ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ. ಅದರ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಕಬ್ಬಿಣ, ಸ್ಟಡ್ ಉಕ್ಕು. ಬೇರೆ ಬೇರೆ ಲೋಹಗಳ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಆಗ ಹುಟ್ಟುವ ಬಿಳಿ ಪುಡಿ ಸ್ಟಡ್ ಸುತ್ತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದೂ ಕಬ್ಬಿಣದ ಎರಡು ಪಟ್ಟಿನಷ್ಟು, ಮೆತ್ತಗೂ ಇರುತ್ತದೆ. ಅಲ್ಲಿ ಸುತ್ತಿಗೆಗೆ ಜಾಗವೇ ಇಲ್ಲ. ನಮ್ಮದು ಕಬ್ಬಿಣದ ಮೇಲೆ ಕಬ್ಬಿಣ ಆದ್ದರಿಂದ ಆ ಒಂದು ಸಮಾಧಾನ ಇತ್ತು.

ನನ್ನ ಜೊತೆ ಕೆಲಸಕ್ಕಿದ್ದವರು ಅದೇ ಹುಣಸೆ ಮರದ ಮೇಸ್ತ್ರಿಯ ಮಗ. ಈಗ ಅವರದು ಜಾಸ್ತಿ ಹೊಸ ಕಾರುಗಳ ಕೆಲಸ. ಆದರೂ ನಮ್ಮ ಅಪ್ಪನ ಕಾರು ಅಂದ ತಕ್ಷಣ ಬಂದರು. ಸ್ಟಡ್‌ಗಳ ಬುಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, "ಇವತ್ತು ಬೇಡ" ಅಂತ ಎದ್ದು ಹೋದರು. ಕೆಲವು ರಾತ್ರಿ ಹಾಗೇ ಬಿಟ್ಟೆವು. ಸಂಜೆ ಹೊತ್ತು ನಾನು ಇನ್ನೊಂದಿಷ್ಟು ಎಣ್ಣೆ ಬಿಡುತ್ತಿದ್ದೆ. ಆಮೇಲೆ ಒಂದು ಮರದ ತುಂಡು ಅಡ್ಡ ಇಟ್ಟು ಹೆಡ್ಡಿನ ಎರಡೂ ಪಕ್ಕಕ್ಕೆ ಹಗುರವಾಗಿ ತಟ್ಟಿ ನೋಡಿದರು. ಮೂಲೆಯಲ್ಲಿ ಎಣ್ಣೆಯ ಸಣ್ಣ ಗುಳ್ಳೆ ಎದ್ದಂತೆ ಕಂಡಿತು, ಅಷ್ಟೇ.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಪ್ಲಗ್ ವಾಪಸ್ ಹಾಕಿ ಸೆಲ್ಫ್ ಹೊಡೆಯುತ್ತಾರೆ. ಒಳಗಿನ ಕಂಪ್ರೆಷನ್ನೇ ಹೆಡ್ಡನ್ನು ಎತ್ತುತ್ತದೆ. ಆದರೆ ನಮ್ಮ ಮೂರು, ನಾಲ್ಕರಲ್ಲಿ ಕಂಪ್ರೆಷನ್ನೇ ಇಲ್ಲ. ಮುಂದಿನ ಅರ್ಧ ಎದ್ದು ಹಿಂದಿನ ಅರ್ಧ ಕಚ್ಚಿಕೊಂಡರೆ ಸ್ಟಡ್‌ಗಳಲ್ಲಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಅವರು ಹಗ್ಗದ ಉಪಾಯ ಹೇಳಿದರು. ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿನಿಂದ ಸಿಲಿಂಡರ್ ಒಳಗೆ ಹಗ್ಗ ತುಂಬುವುದು, ಒಂದು ತುದಿ ಹೊರಗೇ ಇರಬೇಕು. ಆಮೇಲೆ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಹಗ್ಗವನ್ನು ಹೆಡ್ಡಿಗೆ ಒತ್ತುತ್ತದೆ. ಪುಶ್‌ರಾಡ್ ತೆಗೆದಿರುವುದರಿಂದ ವಾಲ್ವ್‌ಗಳೆಲ್ಲ ಮುಚ್ಚಿವೆ, ಅವಕ್ಕೇನೂ ಆಗುವುದಿಲ್ಲ. ತೋಟದ ಮನೆಯಲ್ಲಿ ಹಗ್ಗಕ್ಕೆ ಬರವೇ? ಆದರೆ ತೆಂಗಿನ ನಾರಿನದು ಬೇಡ ಅಂದರು. ನಾರು ಉದುರಿ ಒಳಗೆ ಉಳಿಯುತ್ತದೆ. ಮೆತ್ತನೆ ಹತ್ತಿ ಹಗ್ಗ ಹುಡುಕಿ ತಂದೆ.

ಯಾವ ಸಿಲಿಂಡರಿಗೆ ಹಾಕುವುದು? ಇಲ್ಲಿ ಈ ಇಂಜಿನ್ನಿನ ರಚನೆಯೇ ನಮಗೆ ಸಹಾಯ ಮಾಡಿತು. ಸಾಲಿನಲ್ಲಿ ನಿಂತ ನಾಲ್ಕು ಸಿಲಿಂಡರಿನಲ್ಲಿ ಒಂದು ಮತ್ತು ನಾಲ್ಕನೇ ಪಿಸ್ಟನ್ ಯಾವಾಗಲೂ ಒಟ್ಟಿಗೆ ಏಳುತ್ತವೆ, ಎರಡು ಮತ್ತು ಮೂರು ಒಟ್ಟಿಗೆ. ಒಂದಕ್ಕೂ ನಾಲ್ಕಕ್ಕೂ ಹಗ್ಗ ಹಾಕಿದರೆ ಹೆಡ್ಡಿನ ಎರಡೂ ತುದಿಗೆ ಒಂದೇ ಸಲ ಒತ್ತಡ ಬೀಳುತ್ತದೆ. ಓರೆಯಾಗುವ ಭಯ ಕಡಿಮೆ. ಎಗರಿ ಬೀಳದಿರಲಿ ಅಂತ ಎರಡು ಮೂಲೆಯ ನಟ್ಟುಗಳನ್ನು ಕೆಲವೇ ಸುತ್ತು ಹಾಕಿ ಬಿಟ್ಟೆವು.

ಬಂಪರ್ ತೂತಿನಿಂದ ಇಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿದ್ದು ನನ್ನ ತಂಗಿಯ ಮಗಳು. ಕಾಲೇಜು ಹುಡುಗಿ. ಹ್ಯಾಂಡಲ್ ಅಂದರೆ ಏನು ಅಂತ ಅವತ್ತೇ ನೋಡಿದ್ದು. "ಹೊಡೀಬೇಡಮ್ಮ, ಒತ್ತು. ನಾನು ಹೇಳಿದ ತಕ್ಷಣ ನಿಲ್ಲಿಸು" ಅಂದರು ಮೇಸ್ತ್ರಿಯ ಮಗ. ತಾವು ಎರಡೂ ಅಂಗೈ ಹೆಡ್ಡಿನ ಮೇಲೆ ಇಟ್ಟು, ಒಂದು ಮುಂದೆ, ಒಂದು ಹಿಂದೆ, ಕಣ್ಣು ಮುಚ್ಚಿಕೊಂಡರು. ಅವಳು ಒತ್ತಿದಳು. ಹ್ಯಾಂಡಲ್ ಕಾಲು ಸುತ್ತು ಬಂದು ಗಟ್ಟಿಯಾಯಿತು. "ಹಿಡ್ಕೊ, ಹಾಗೇ ಹಿಡ್ಕೊ." ಅವಳ ಕೈ ನಡುಗುತ್ತಿತ್ತು. ಏನೂ ಆಗಲಿಲ್ಲ. ನಾನು ಸಹಾಯಕ್ಕೆ ಹೋಗಲು ನೋಡಿದರೆ ಅವರು ಕಣ್ಣು ಮುಚ್ಚಿಕೊಂಡೇ ಬೇಡ ಅಂತ ತಲೆಯಾಡಿಸಿದರು. ಅವಳ ಬಲ ಸಾಕು, ಅದಕ್ಕಿಂತ ಹೆಚ್ಚು ಬೇಡ ಅಂತ. ಆಮೇಲೆ "ಬಂತು" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಬಗ್ಗಿ ನೋಡಿದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಒಂದು ಕಪ್ಪು ಗೆರೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ.

ನಟ್ಟು ತೆಗೆದು, ಹಗ್ಗ ಎಳೆದು, ಇಬ್ಬರೂ ಎರಡೂ ಕಡೆ ಹಿಡಿದು ನೇರಕ್ಕೆ ಎತ್ತಿದೆವು. ಕಬ್ಬಿಣದ ಹೆಡ್, ಒಬ್ಬರೇ ಎತ್ತುವಂಥದ್ದಲ್ಲ. ಎತ್ತಿದ ಮೇಲೆ ಮುಖ ಕೆಳಗೆ ಮಾಡಿ ನೆಲಕ್ಕಿಡಬಾರದು. ಎರಡು ಮರದ ಪಟ್ಟಿಗಳ ಮೇಲೆ ಪಕ್ಕಕ್ಕೆ ಮಲಗಿಸಿದೆವು. ಮೊದಲು ಮಾಡಿದ ಕೆಲಸ ಫೋಟೋ ತೆಗೆದದ್ದು. ಯಾರೂ ಬಟ್ಟೆಯಲ್ಲಿ ಕೂಡ ಏನನ್ನೂ ಒರೆಸಲಿಲ್ಲ.

## ಕಂಡದ್ದು

ಗ್ಯಾಸ್ಕೆಟ್ ಬ್ಲಾಕಿನ ಮೇಲೆ ಕೂತಿತ್ತು. ಮೂರು ಮತ್ತು ನಾಲ್ಕರ ನಡುವಿನ ಕಿರಿದಾದ ಸೇತುವೆಯಲ್ಲಿ ತಾಮ್ರ ಸುಟ್ಟು ಕಪ್ಪಾಗಿ ತುಂಡಾಗಿತ್ತು. ಅದು ಕಂಪ್ರೆಷನ್ ಗೇಜು ಹೇಳಿದ್ದೇ. ಆದರೆ ಇನ್ನೂ ಇತ್ತು. ನಾಲ್ಕನೆಯದರ ಹಿಂದಿನ ಅಂಚಿನಲ್ಲಿ, ನೀರಿನ ತೂತಿನ ಕಡೆಗೆ ಇನ್ನೊಂದು ಸಣ್ಣ ಕಪ್ಪು ದಾರಿ ಶುರುವಾಗಿತ್ತು. ಮೊದಲ ಮೂರು ಪಿಸ್ಟನ್‌ಗಳ ತಲೆಯ ಮೇಲೆ ಒಣ ಕಾರ್ಬನ್ ಪದರ. ನಾಲ್ಕನೇ ಪಿಸ್ಟನ್ನಿನ ಹಿಂದಿನ ಅರ್ಧ ಮಾತ್ರ ತೊಳೆದಷ್ಟು ಸ್ವಚ್ಛ. ಅಲ್ಲಿ ನೀರು ಸೋರಿ, ಉರಿಯುವಾಗ ಆವಿಯಾಗಿ, ಕಾರ್ಬನ್ನನ್ನು ತೊಳೆದಿತ್ತು. ಕಾರ್ಬನ್ ಕೆರೆದುಬಿಟ್ಟಿದ್ದರೆ ನಾಲ್ಕೂ ಪಿಸ್ಟನ್ ಒಂದೇ ಥರ ಕಾಣುತ್ತಿದ್ದವು.

ಎಲ್ಲ ತೊಂದರೆಯೂ ಹಿಂದಕ್ಕೆ ಬೊಟ್ಟು ಮಾಡುತ್ತಿತ್ತು. ಟಾರ್ಚ್ ಹಿಡಿದು ಬ್ಲಾಕಿನ ನೀರಿನ ತೂತುಗಳ ಒಳಗೆ ನೋಡಿದೆವು. ಮುಂದಿನ ತೂತುಗಳಲ್ಲಿ ತಳ ಕಾಣುತ್ತಿತ್ತು. ನಾಲ್ಕನೆಯದರ ಸುತ್ತ ಬತ್ತಿದ ಕೆರೆಯ ತಳದ ಹಾಗೆ ಕೆಸರು ಗಟ್ಟಿಯಾಗಿ ಕೂತಿತ್ತು. ನಲ್ಲಿಯಿಂದ ಬಂದ ಡಬ್ಬಿಯ ಕೆಸರೇ ಅದು. ಆ ಸಿಲಿಂಡರಿನ ಕೆಳಭಾಗಕ್ಕೆ ಎಷ್ಟು ವರ್ಷದಿಂದ ನೀರು ತಾಗಿಲ್ಲವೋ!

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಸಿಯಾದಾಗ ಹೊರಗೆ ಬಂದು ಅಂಟುತ್ತವೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಆ ಪದರ ಸಿಲಿಂಡರ್ ಗೋಡೆಯ ಮೇಲೆ ಕೂರುತ್ತದೆ, ಬಿಸಿಯನ್ನು ನೀರಿಗೆ ದಾಟಲು ಬಿಡುವುದಿಲ್ಲ. ಬ್ಲಾಕಿನ ತುಕ್ಕು ಅದಕ್ಕೆ ಸೇರುತ್ತದೆ. ನೀರಿನ ಓಟ ನಿಧಾನ ಇರುವ ಹಿಂಭಾಗದಲ್ಲಿ ಎಲ್ಲ ಇಳಿದು ನಿಲ್ಲುತ್ತದೆ.

ಅಪ್ಪ ಯಾವಾಗಲೂ ಹೇಳುತ್ತಿದ್ದರು, "ನಮ್ಮ ಗಾಡಿ ಯಾವತ್ತೂ ಬಿಸಿ ಆಗಿಲ್ಲ, ಮುಳ್ಳು ಅರ್ಧ ದಾಟಿಲ್ಲ." ಅವರು ಹೇಳಿದ್ದು ನಿಜ. ಗೇಜಿನ ಬಲ್ಬು ಇರುವುದು ಹೆಡ್ಡಿನ ಮುಂಭಾಗದಲ್ಲಿ, ಥರ್ಮೋಸ್ಟ್ಯಾಟ್ ಹತ್ತಿರ. ಅದು ಮುಂದಿನ ನೀರಿನ ಬಿಸಿ ಹೇಳುತ್ತದೆ. ಹಿಂದೆ ನಾಲ್ಕನೇ ಸಿಲಿಂಡರ್ ಬೇಯುತ್ತಿದ್ದರೂ ಮುಳ್ಳಿಗೆ ಅದು ಗೊತ್ತಾಗುವುದಿಲ್ಲ. ಇನ್ನೊಂದು ಅನುಮಾನವೂ ನನಗಿದೆ. ಇಂಗ್ಲೆಂಡಿನಲ್ಲಿ ಈ ಇಂಜಿನ್ನಿನ ಹೆಡ್ಡಿನ ಹಿಂಭಾಗದಿಂದ ಕಾರಿನ ಹೀಟರಿಗೆ ನೀರು ಹೋಗುತ್ತಿತ್ತು. ಚಳಿ ದೇಶ, ಹೀಟರ್ ಬೇಕು. ಹಾಗಾಗಿ ಹಿಂದುಗಡೆಯೂ ನೀರು ಸ್ವಲ್ಪ ಓಡಾಡುತ್ತಿತ್ತು. ನಮ್ಮ ಕಾರಿನಲ್ಲಿ ಹೀಟರೇ ಇಲ್ಲ, ಆ ಜಾಗಕ್ಕೆ ಮುಚ್ಚಳ ಹಾಕಿದ್ದಾರೆ. ಬಿಸಿಲು ದೇಶದಲ್ಲಿ ಇಂಜಿನ್ನಿನ ಅತಿ ಬಿಸಿ ಮೂಲೆಗೆ ನೀರಿನ ಓಟ ಇನ್ನೂ ಕಡಿಮೆಯಾಯಿತು.

ಹೆಡ್ಡಿನ ತಳದಲ್ಲಿ ಇನ್ನೊಂದು ಜಾಗ ನೋಡಲೇಬೇಕು. ಈ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಹೊಗೆ ಹೋಗುವ ದಾರಿ ಮೂರೇ. ಎರಡು ಮತ್ತು ಮೂರನೆಯದಕ್ಕೆ ನಡುವಿನ ಒಂದೇ ಬಾಗಿಲು. ಎರಡು ಸಿಲಿಂಡರಿನ ಬೆಂಕಿ ಒಂದೇ ಕಡೆ ಹಾಯುವುದರಿಂದ ಬಿರುಕು ಬಂದರೆ ಅಲ್ಲಿ ಮೊದಲು. ಲೆನ್ಸ್ ಹಿಡಿದು ನೋಡಿದೆವು, ನಮ್ಮದರಲ್ಲಿ ಕಾಣಲಿಲ್ಲ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್‌ಗಳು ಮಾತ್ರ ತಾವು ಮುಚ್ಚಿ ಕೂರುವ ಸೀಟಿನೊಳಗೆ ಸ್ವಲ್ಪ ಮುಳುಗಿದ್ದವು. ಇದರಲ್ಲಿ ಸೀಟನ್ನು ಬೇರೆ ರಿಂಗ್ ಹಾಕದೆ ಕಬ್ಬಿಣದಲ್ಲೇ ಕೊರೆದಿರುತ್ತಾರೆ. ಸೀಸ ಬೆರೆಸಿದ ಪೆಟ್ರೋಲ್ ಇದ್ದಾಗ ಅದರ ಪದರವೇ ಸೀಟನ್ನು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ನಿಲ್ಲಲೇಬೇಕಿತ್ತು, ಮಕ್ಕಳ ಮೈಗೆ ಸೀಸ ವಿಷ. ಅದರ ನಂತರದ ಓಡಾಟದ ಗುರುತು ಈ ಸೀಟುಗಳಲ್ಲಿ ಇದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದ ತಾಮ್ರದ ಗ್ಯಾಸ್ಕೆಟ್‌ಗಳ ಹೊಟ್ಟೆಯಲ್ಲಿ ಇರುವುದು ಆಸ್ಬೆಸ್ಟಾಸ್. ಒಣಗಿದ್ದನ್ನು ಕೆರೆಯಬೇಡಿ, ಗಾಳಿ ಹೊಡೆಯಬೇಡಿ, ಡ್ರಿಲ್ಲಿಗೆ ಬ್ರಷ್ ಕಟ್ಟಿ ಉಜ್ಜಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಮಾಡಿ, ಮೆಲ್ಲಗೆ ಎತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹುಡುಗರನ್ನು ಆ ಕೆಲಸಕ್ಕೆ ಕೂರಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

## ಅವಸರ ಯಾರದು

ವರ್ಕ್‌ಶಾಪಿನವರ ಮೇಲೆ ತಪ್ಪು ಹೊರಿಸಿ ಮುಗಿಸಲು ನನಗೆ ಮನಸ್ಸಿಲ್ಲ. ಹೆಡ್ ಇಳಿಸಿ ಹತ್ತಿಸಲು ಇಷ್ಟು ಅಂತ ಗುತ್ತಿಗೆ ಲೆಕ್ಕದಲ್ಲಿ ದುಡ್ಡು ಕೊಡುವವರು ನಾವು. "ಸಂಜೆ ಕೊಡ್ತೀರಾ?" ಅಂತ ಕೇಳುವವರೂ ನಾವು. ಪುಶ್‌ರಾಡ್ ತುದಿಯನ್ನು ಬೆಳಕಿಗೆ ಹಿಡಿದು ನೋಡುವ ಹೊತ್ತಿಗೆ, ಎಣ್ಣೆ ಬಿಟ್ಟು ಕಾಯುವ ರಾತ್ರಿಗಳಿಗೆ ಬಿಲ್ಲಿನಲ್ಲಿ ಸಾಲು ಇಲ್ಲ. ಹುಣಸೆ ಮರದ ಮೇಸ್ತ್ರಿಗೆ ಅಪ್ಪ ದಿನಗೂಲಿ ಲೆಕ್ಕದಲ್ಲಿ ಕೊಡುತ್ತಿದ್ದರು. ಅದಕ್ಕೇ ಅವರಿಗೆ ಗಾಜಿನ ಮೇಲೆ ರಾಡ್ ಉರುಳಿಸಿ ನೋಡಲು ಪುರುಸೊತ್ತು ಇತ್ತು ಅಂತ ನನಗೆ ಈಗ ಅನಿಸುತ್ತದೆ. ಹಳೇ ಕಾರು ಇಟ್ಟುಕೊಂಡವರು ಪೇಂಟಿಗೆ, ಕ್ರೋಮಿಗೆ, ಸೀಟ್ ಕವರಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಅದರಲ್ಲಿ ಒಂದು ಪಾಲನ್ನು ನೋಡುವ ಕೆಲಸಕ್ಕೆ ಕೊಟ್ಟರೆ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಾಯಿಸುವ ಖರ್ಚು ಉಳಿಯುತ್ತದೆ. ಹುಡುಗರೂ ಕೆಲಸ ಕಲಿಯುತ್ತಾರೆ. ಬಿಚ್ಚುವಾಗ ಪಕ್ಕದಲ್ಲಿ ದೊಡ್ಡವರು ನಿಂತು "ಇದನ್ನ ನೋಡು, ಇದು ಯಾಕೆ ಹೀಗಿದೆ?" ಅಂತ ಕೇಳಿದರೆ ಸಾಕು.

ಹೆಡ್ಡನ್ನು ತುಮಕೂರಿನ ಒಂದು ಲೇಥ್ ಅಂಗಡಿಗೆ ಕೊಂಡುಹೋದೆವು. ಅಲ್ಲಿನ ಹಿರಿಯರು ಸ್ಟ್ರೈಟ್ ಎಡ್ಜ್ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದರು. ಮುಂದೆಲ್ಲ ಸಮ. ಮೂರು ಮತ್ತು ನಾಲ್ಕರ ನಡುವೆ ಮಾತ್ರ ತಗ್ಗು. ಪೂರ್ತಿ ಫೇಸಿಂಗ್ (ಮೇಲ್ಮೈಯನ್ನು ಸವೆಸಿ ಸಮ ಮಾಡುವುದು) ಬೇಡ, ತಗ್ಗು ಹೋಗುವಷ್ಟು ಮಾತ್ರ ತೆಗೆಯೋಣ, ಕಬ್ಬಿಣ ಇರಲಿ, ಇನ್ನೊಂದು ಸಲಕ್ಕೆ ಬೇಕಾಗುತ್ತೆ ಅಂದರು. ಮೊದಲು ಪ್ರೆಷರ್ ಟೆಸ್ಟ್, ಆಮೇಲೆ ಎಕ್ಸಾಸ್ಟ್ ಕಡೆಗೆ ಗಟ್ಟಿ ಸೀಟ್ ರಿಂಗ್, ಕೊನೆಗೆ ಫೇಸಿಂಗ್ ಅಂತ ಮಾತಾಯಿತು.

ಬ್ಲಾಕಿನ ಕೆಲಸ ಮನೆಯಲ್ಲೇ ನಡೆಯುತ್ತಿದೆ. ಸಿಲಿಂಡರ್ ಬಾಯಿಗಳಿಗೆ ಬಟ್ಟೆ ತುರುಕಿ, ಆಯಿಲ್ ದಾರಿಗಳಿಗೆ ಟೇಪ್ ಹಚ್ಚಿ, ಕೋರ್ ಪ್ಲಗ್‌ಗಳನ್ನು (ಬ್ಲಾಕಿನ ನೀರಿನ ಜಾಗಕ್ಕೆ ಹೊರಗಿನಿಂದ ಹೊಡೆದ ತಗಡಿನ ಮುಚ್ಚಳ) ತೆಗೆದು ತಂತಿ ಮತ್ತು ಪೈಪ್ ನೀರಿನಿಂದ ಕೆಸರು ಬಿಡಿಸುತ್ತಿದ್ದೇವೆ. ತಂಗಿಯ ಮಗಳು ರಜೆಗೆ ಬಂದಾಗಲೆಲ್ಲ ತಂತಿ ಹಿಡಿದು ಕೂರುತ್ತಾಳೆ. ಹೊಸ ಗ್ಯಾಸ್ಕೆಟ್ ತಂದಿಟ್ಟಿದ್ದೇವೆ, ಕವರ್ ಒಡೆದಿಲ್ಲ. ರೇಡಿಯೇಟರಿಗೆ ಇನ್ನು ಬೋರ್ ನೀರು ಇಲ್ಲ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅಂತ ತೀರ್ಮಾನವಾಗಿದೆ. ಹಿಂದಿನ ಕೋರ್ ಪ್ಲಗ್ ಒಂದು ಇನ್ನೂ ಬಂದಿಲ್ಲ, ಗೇರ್‌ಬಾಕ್ಸ್ ಅಡ್ಡ ಇದೆ. ಅದನ್ನು ಇಳಿಸದೆ ತೆಗೆಯಲು ಆಗುತ್ತದೆಯೇ ಅಂತ ಮೇಸ್ತ್ರಿಯ ಮಗ ಭಾನುವಾರ ಬಂದು ನೋಡುತ್ತಾರೆ.